ಹಾಯಿದೋಣಿಯ ವಾಸ: ಯಾವುದು ತಾನಾಗಿ ರೂಢಿಯಾಗುತ್ತದೆ, ಯಾವುದನ್ನು ರೂಢಿ ಮಾಡಿಕೊಳ್ಳಬಾರದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ದಡದ ಮನೆಯನ್ನು ಖಾಲಿ ಮಾಡಿ, 11 ಮೀಟರ್ ಉದ್ದದ ಹಳೆಯ ಹಾಯಿದೋಣಿಯೊಂದರಲ್ಲಿ ವಾಸಿಸಲು ಆರಂಭಿಸಿ ಕೆಲವು ವಾರಗಳಾದವು. ಹಾಯಿ ಏರಿಸಿ ಇಳಿಸುವುದು, ಗಾಳಿಯ ದಿಕ್ಕಿಗೆ ತಕ್ಕಂತೆ ದೋಣಿಯನ್ನು ತಿರುಗಿಸುವುದು, ಲಂಗರು ಹಾಕುವುದು ಇವನ್ನೆಲ್ಲ ತರಬೇತಿ ಪಡೆದು ಕಲಿತಿದ್ದೇವೆ. ಆ ತರಬೇತಿ ದೋಣಿಯನ್ನು ನಡೆಸುವುದಕ್ಕೆ ಸಾಕಾಯಿತು. ದೋಣಿಯಲ್ಲಿ ಬಾಳುವುದಕ್ಕೆ ಸಾಲುತ್ತಿಲ್ಲ ಎಂಬುದು ಈಗ ತಿಳಿಯುತ್ತಿದೆ.

ನಮ್ಮ ತೊಂದರೆಗಳು ಒಂದೊಂದಾಗಿ ನೋಡಿದರೆ ಸಣ್ಣವು. ರಾತ್ರಿ ಹಗ್ಗಗಳು ಹಾಯಿಕಂಬಕ್ಕೆ ಬಡಿಯುವ ಸದ್ದಿಗೂ ನೀರು ದೋಣಿಯ ಮೈಗೆ ತಾಗುವ ಸದ್ದಿಗೂ ನಿದ್ದೆ ಹತ್ತುವುದಿಲ್ಲ. ಬಂದರಿನಿಂದ ಹೊರಬಿದ್ದ ಸ್ವಲ್ಪ ಹೊತ್ತಿಗೆಲ್ಲ ಪತ್ನಿಗೆ ವಾಕರಿಕೆ ಶುರುವಾಗುತ್ತದೆ. ಕ್ಯಾಬಿನ್ನಿನೊಳಗೆ ಇಳಿದು ಒಲೆ ಹಚ್ಚುವುದಂತೂ ಆಕೆಗೆ ಆಗುವುದೇ ಇಲ್ಲ. ಸಿಹಿನೀರಿನ ಟ್ಯಾಂಕು ಎಣಿಸಿದ್ದಕ್ಕಿಂತ ಬೇಗ ಬರಿದಾಗುತ್ತದೆ. ಬೆಳಿಗ್ಗೆ ಏಳುವ ಹೊತ್ತಿಗೆ ಬ್ಯಾಟರಿ ಸೋತಿರುತ್ತದೆ. ಹಾಸಿಗೆಯ ತಳ ಒದ್ದೆಯಾಗಿ ಬೂಷ್ಟು ಹಿಡಿಯತೊಡಗಿದೆ, ನೆಲದ ಹಲಗೆಯ ಕೆಳಗೆ ಸದಾ ಒಂದಿಷ್ಟು ನೀರು ನಿಂತಿರುತ್ತದೆ, ಒಳಗೆಲ್ಲ ಮುಗ್ಗಲು ವಾಸನೆ ತುಂಬಿದೆ.

ತಿಳಿದವರನ್ನು ಕೇಳಿದಾಗಲೆಲ್ಲ "ಎಲ್ಲವೂ ರೂಢಿಯಾಗುತ್ತದೆ" ಎಂಬ ಒಂದೇ ಮಾತು ಬರುತ್ತದೆ. ಆ ಮಾತು ಸಮಾಧಾನ ಕೊಡುತ್ತದೆಯಾದರೂ ನಮಗೆ ದಾರಿ ತೋರಿಸುತ್ತಿಲ್ಲ. ಇವುಗಳಲ್ಲಿ ಯಾವುವು ನಾವು ಸುಮ್ಮನೆ ತಾಳಿಕೊಂಡರೆ ಕಳೆದುಹೋಗುವಂಥವು, ಯಾವುವು ಕೂಡಲೇ ಸರಿಪಡಿಸಬೇಕಾದಂಥವು ಎಂಬುದನ್ನು ದೋಣಿಯಲ್ಲಿ ಬದುಕಿದವರು ದಯವಿಟ್ಟು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಉತ್ತರ 1

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ದೇಹಕ್ಕೆ ಸಂಬಂಧಿಸಿದವು ಹೆಚ್ಚಿನಂಶ ತಾವಾಗಿ ರೂಢಿಯಾಗುತ್ತವೆ. ದೋಣಿಗೆ ಸಂಬಂಧಿಸಿದವು ಎಂದೂ ತಾವಾಗಿ ಸರಿಹೋಗುವುದಿಲ್ಲ, ನಾವು ಅವನ್ನು ಗಮನಿಸುವುದನ್ನು ನಿಲ್ಲಿಸುತ್ತೇವೆ ಅಷ್ಟೆ. ಹೊಸಬರಿಗೆ ಕಾದಿರುವ ನಿಜವಾದ ಅಪಾಯ ಈ ಎರಡನೆಯದು. ನಾನು ಮೊದಲನೆಯ ಗುಂಪಿನ ಬಗ್ಗೆ ಮಾತ್ರ ಬರೆಯುತ್ತೇನೆ.

ವಾಕರಿಕೆಯಿಂದ ಆರಂಭಿಸೋಣ. ಒಳಕಿವಿಯಲ್ಲಿರುವ ಸಮತೋಲನದ ಅಂಗವು ದೇಹ ಓಲಾಡುತ್ತಿದೆ ಎಂದು ಮಿದುಳಿಗೆ ತಿಳಿಸುತ್ತಿರುವಾಗ, ಕ್ಯಾಬಿನ್ನಿನೊಳಗಿನ ಗೋಡೆಯನ್ನೋ ಕೈಯಲ್ಲಿರುವ ಪಾತ್ರೆಯನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ನಿಶ್ಚಲವಾಗಿದೆ ಎಂದು ಹೇಳುತ್ತದೆ. ಈ ಎರಡು ಸುದ್ದಿಗಳ ವಿರೋಧವೇ ವಾಕರಿಕೆಗೆ ಕಾರಣವೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಆದ್ದರಿಂದಲೇ ಒಳಗಿಳಿದೊಡನೆ ನಿಮ್ಮ ಪತ್ನಿಯವರಿಗೆ ಹೆಚ್ಚಾಗುತ್ತದೆ, ಕಾಕ್‌ಪಿಟ್ಟಿನಲ್ಲಿ (ಚುಕ್ಕಾಣಿಯಿರುವ ತೆರೆದ ಜಾಗದಲ್ಲಿ) ಕುಳಿತು ದಿಗಂತವನ್ನು ನೋಡಿದಾಗ ಕಡಿಮೆಯಾಗುತ್ತದೆ. ಅವರ ಕೈಗೆ ಚುಕ್ಕಾಣಿಯನ್ನು ಕೊಡಿ. ಮುಂದಿನ ಅಲೆಗೆ ದೋಣಿ ಹೇಗೆ ಓಲುತ್ತದೆ ಎಂಬುದನ್ನು ಮೊದಲೇ ಊಹಿಸುವವರಿಗೆ ವಾಕರಿಕೆ ಕಡಿಮೆ. ಮಲಗಬೇಕಾಗಿ ಬಂದರೆ, ದೋಣಿಯ ತೂಗಾಟ ಅತಿ ಕಡಿಮೆ ಇರುವ ನಡುಭಾಗದಲ್ಲಿ, ಆದಷ್ಟು ಕೆಳಗೆ, ಕಣ್ಣು ಮುಚ್ಚಿ ಮಲಗಲಿ. ಮುಂತುದಿಯ ಕೋಣೆ ಬಂದರಿನಲ್ಲಿ ಎಷ್ಟೇ ಹಿತವಾಗಿದ್ದರೂ ಸಾಗುತ್ತಿರುವಾಗ ಅದು ಎಲ್ಲಕ್ಕಿಂತ ಹೆಚ್ಚು ಏರಿಳಿಯುವ ಜಾಗ.

ಸತತವಾಗಿ ಸಮುದ್ರದ ಮೇಲಿದ್ದರೆ ಬಹುಪಾಲು ಜನರ ದೇಹ ಎರಡು ಮೂರು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ತೊಡಕೇನೆಂದರೆ, ವಾರಕ್ಕೊಮ್ಮೆ ಕೆಲವು ಗಂಟೆ ಮಾತ್ರ ಹೊರಗೆ ಹೋಗಿಬರುವವರು ಆ ಹಂತವನ್ನು ತಲುಪುವುದೇ ಇಲ್ಲ. ಪ್ರತಿ ಬಾರಿಯೂ ಮೊದಲ ದಿನದ ಸಂಕಟವನ್ನೇ ಅನುಭವಿಸಿ, ತಮ್ಮ ದೇಹಕ್ಕೆ ಸಮುದ್ರ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಅದರ ಬದಲು, ಸಣ್ಣ ಅಲೆಗಳಿರುವ, ಸ್ವಲ್ಪ ತೂಗಾಡುವ ಜಾಗದಲ್ಲಿ ಲಂಗರು ಹಾಕಿ ಎರಡು ಮೂರು ರಾತ್ರಿ ಅಲ್ಲೇ ಇದ್ದು, ಅನಂತರ ಹೊರಡಿ.

ಮಾತ್ರೆಗಳ ವಿಷಯದಲ್ಲಿ ನಿಯಮವೊಂದಿದೆ: ಅವುಗಳನ್ನು ಹೊರಡುವ ಮುನ್ನವೇ ತೆಗೆದುಕೊಳ್ಳಬೇಕು. ವಾಂತಿ ಆರಂಭವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಮೆಕ್ಲಿಜಿನ್‌ನಂಥ ಮಾತ್ರೆಗಳು ತೂಕಡಿಕೆ ತರಿಸುವುದರಿಂದ, ದಡದಲ್ಲಿದ್ದಾಗಲೇ ಒಮ್ಮೆ ತೆಗೆದುಕೊಂಡು ತಮಗೆ ಹೇಗಾಗುತ್ತದೆಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಯನ್ನು ಹೊರಡುವುದಕ್ಕೆ ಕನಿಷ್ಠ 4 ಗಂಟೆ ಮೊದಲೇ ಹಚ್ಚಿಕೊಳ್ಳಬೇಕು. ಅದರ ಪರಿಣಾಮ 3 ದಿನಗಳವರೆಗೆ ಇರುತ್ತದೆ. ಆದರೆ ಅದು ಬಾಯಿ ಒಣಗಿಸುತ್ತದೆ, ದೃಷ್ಟಿಯನ್ನು ಮಬ್ಬಾಗಿಸಬಹುದು, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗೆ ಸಲ್ಲದು. ಪಟ್ಟಿ ಮುಟ್ಟಿದ ಬೆರಳಿನಿಂದ ಕಣ್ಣನ್ನು ಉಜ್ಜಿಕೊಳ್ಳದೆ ಕೂಡಲೇ ಕೈ ತೊಳೆಯಬೇಕು. ವೈದ್ಯರನ್ನು ಕೇಳದೆ ಇದನ್ನು ಬಳಸಬೇಡಿ.

ಇನ್ನು ನಿದ್ದೆ. ಕಂಬಕ್ಕೆ ಹಗ್ಗ ಬಡಿಯುವ ಸದ್ದಿಗೆ ನೀವು ಹೊಂದಿಕೊಳ್ಳಬೇಕಾಗಿಯೇ ಇಲ್ಲ. ಹಾಯಿ ಏರಿಸುವ ಆ ಹಗ್ಗಗಳನ್ನು ಪ್ರತಿ ಸಂಜೆ ಕಂಬದಿಂದ ದೂರ ಎಳೆದು, ಪಕ್ಕದ ಉಕ್ಕಿನ ತಂತಿಗೆ ಬಿಗಿಯಾಗಿ ಕಟ್ಟಿದರೆ ಮುಗಿಯಿತು. ನೆರೆಯ ದೋಣಿಯವರೂ ನಿಮಗೆ ಕೃತಜ್ಞರಾಗಿರುತ್ತಾರೆ. ನೀರಿನ ಸದ್ದು ಮಾತ್ರ ತಾನಾಗಿ ಹಿನ್ನೆಲೆಗೆ ಸರಿಯುತ್ತದೆ. ಕೆಲವು ತಿಂಗಳು ಕಳೆದ ಮೇಲೆ ನಿಮ್ಮ ನಿದ್ದೆಯ ಸ್ವರೂಪವೇ ಬದಲಾಗಿರುವುದನ್ನು ಗಮನಿಸುತ್ತೀರಿ: ಮೊದಲು ಎಲ್ಲ ಸದ್ದಿಗೂ ಎಚ್ಚರವಾಗುತ್ತಿತ್ತು, ಈಗ ಸದ್ದು ಬದಲಾದಾಗ ಮಾತ್ರ ಎಚ್ಚರವಾಗುತ್ತದೆ. ಗಾಳಿಯ ದಿಕ್ಕು ತಿರುಗಿದಾಗ, ಸರಪಳಿಯ ಧ್ವನಿ ಬೇರೆಯಾದಾಗ, ನೀರಿನ ಪಂಪು ಕಾರಣವಿಲ್ಲದೆ ಓಡಿದಾಗ ತಟ್ಟನೆ ಕಣ್ಣು ತೆರೆಯುತ್ತದೆ. ಆ ಎಚ್ಚರವನ್ನು ದೋಷವೆಂದು ತಿಳಿಯದಿರಿ.

ಉತ್ತರ 2

ಮೇಲಿನವರು ಬಿಟ್ಟ ಎರಡನೆಯ ಗುಂಪನ್ನು ನಾನು ಎತ್ತಿಕೊಳ್ಳುತ್ತೇನೆ. ಪ್ರಶ್ನೆ ಕೇಳಿದವರು ಕೊನೆಯಲ್ಲಿ ಹೇಳಿದ್ದೇ ನನಗೆ ಮೊದಲು ಕಂಡಿತು: ಹಲಗೆಯ ಕೆಳಗೆ ನೀರು ನಿಂತಿರುವುದು. ಇದು ಎಲ್ಲ ಹಳೆಯ ದೋಣಿಗಳಲ್ಲೂ ಇರುವಂಥದ್ದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆರಳದ್ದಿ ನಾಲಿಗೆಗೆ ತುಸು ತಾಗಿಸಿ ಉಪ್ಪೋ ಸಿಹಿಯೋ ನೋಡಿ, ಕೂಡಲೇ ಉಗುಳಿರಿ. ಸಿಹಿಯಾಗಿದ್ದರೆ ಟ್ಯಾಂಕಿನ ಅಥವಾ ಕೊಳವೆಯ ಸೋರಿಕೆ ಇರಬಹುದು, ಇಲ್ಲವೇ ಮಳೆನೀರು ಹಾಯಿಕಂಬದ ಒಳಗಿನಿಂದಲೋ ಹ್ಯಾಚಿನ (ಮೇಲ್ಗಡೆಯ ಮುಚ್ಚಳದ ಕಿಂಡಿಯ) ಅಂಚಿನಿಂದಲೋ ಇಳಿಯುತ್ತಿರಬಹುದು. ನಿಮ್ಮ ಟ್ಯಾಂಕು ಬೇಗ ಬರಿದಾಗುವುದಕ್ಕೂ ಇದೇ ಕಾರಣವಾಗಿರಬಹುದು. ಉಪ್ಪಾಗಿದ್ದರೆ ಸಮುದ್ರವೇ ಒಳಗೆ ಬರುತ್ತಿದೆ ಎಂದರ್ಥ; ಅಂದೇ ಹುಡುಕಬೇಕು. ಪ್ರೊಪೆಲ್ಲರಿನ ದಂಡ ಹೊರಹೋಗುವ ಜಾಗ, ದೋಣಿಯ ಮೈಯಲ್ಲಿ ಕೊರೆದಿರುವ ಪ್ರತಿಯೊಂದು ತೂತಿನ ಕವಾಟ, ಆ ಕವಾಟಕ್ಕೆ ಜೋಡಿಸಿದ ರಬ್ಬರ್ ಕೊಳವೆ ಮತ್ತು ಅದರ ಪಟ್ಟಿಗಳು, ಇವನ್ನು ಟಾರ್ಚು ಹಿಡಿದು ಒಂದೊಂದಾಗಿ ನೋಡಿರಿ. ಹಳೆಯ ಮಾದರಿಯ ಹುರಿ ತುಂಬಿದ ದಂಡದ ಗೂಡಿನಲ್ಲಿ ದಂಡ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬೀಳುವುದು ಸಹಜ. ದಂಡ ನಿಂತಿರುವಾಗಲೂ ಸುರಿಯುತ್ತಿದ್ದರೆ ಅದು ಸಹಜವಲ್ಲ.

ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗಿರುವ, ಒಂದೂವರೆ ಅಂಗುಲ ಅಗಲದ ಕೊಳವೆಯೊಂದು ಕಳಚಿಕೊಂಡರೆ ನಿಮಿಷಕ್ಕೆ 100 ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ. ಆದ್ದರಿಂದ ಎಲ್ಲ ಕವಾಟಗಳೂ ಎಲ್ಲಿವೆ ಎಂಬುದು ಇಬ್ಬರಿಗೂ ಕತ್ತಲೆಯಲ್ಲೂ ತಿಳಿದಿರಬೇಕು. ತಿಂಗಳಿಗೊಮ್ಮೆಯಾದರೂ ಅವನ್ನು ಮುಚ್ಚಿ ತೆರೆದು, ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು. ಪ್ರತಿ ಕವಾಟದ ಪಕ್ಕದಲ್ಲಿ ಅದರ ಅಳತೆಗೆ ಹೊಂದುವ ಮೆದು ಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿಡಬೇಕು.

ಹಾಸಿಗೆಯ ತೇವದ ಕಾರಣ ಬೇರೆ. ಮಲಗಿದವರ ಉಸಿರು ಮತ್ತು ಬೆವರಿನ ಆವಿ, ಹಾಸಿಗೆಯ ಕೆಳಗಿನ ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ. ಅಡುಗೆ ಇದಕ್ಕೆ ಇನ್ನಷ್ಟು ಸೇರಿಸುತ್ತದೆ: ಒಂದು ಕಿಲೋ ಅಡುಗೆ ಅನಿಲ ಉರಿದಾಗ, ಪಾತ್ರೆಯಿಂದ ಏಳುವ ಹಬೆಯನ್ನು ಬಿಟ್ಟು, ಉರಿಯಿಂದಲೇ ಒಂದೂವರೆ ಕಿಲೋಗೂ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಒಲೆ ಹಚ್ಚಿದಾಗ ಹ್ಯಾಚನ್ನು ತೆರೆಯಿರಿ, ಹಾಸಿಗೆಯ ಕೆಳಗೆ ಗಾಳಿಯಾಡಲು ಮರದ ಪಟ್ಟಿಗಳ ಚೌಕಟ್ಟನ್ನಿಡಿ, ಬೆಳಿಗ್ಗೆ ಎದ್ದೊಡನೆ ಹಾಸಿಗೆಯನ್ನು ಎತ್ತಿ ನಿಲ್ಲಿಸಿ. ಸಮುದ್ರದ ನೀರಿನಲ್ಲಿ ನೆನೆದ ಬಟ್ಟೆಯನ್ನು ಒಣಗಿಸಿದ ಮಾತ್ರಕ್ಕೆ ಕ್ಯಾಬಿನ್ನಿನೊಳಗೆ ತರಬೇಡಿ. ಉಪ್ಪು ಗಾಳಿಯ ತೇವವನ್ನು ಹೀರುವುದರಿಂದ ಅಂಥ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ತಾನಿದ್ದ ಕಪಾಟನ್ನೂ ಒದ್ದೆ ಮಾಡುತ್ತದೆ. ಸಿಹಿನೀರಿನಲ್ಲಿ ಒಮ್ಮೆ ಜಾಲಿಸಲೇಬೇಕು.

ನೀರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒತ್ತಡದ ಪಂಪನ್ನು ಆರಿಸಿ, ಕಾಲಿನಿಂದ ಒತ್ತುವ ಪಂಪನ್ನು ಬಳಸಿದರೆ ಬಳಕೆ ತಾನಾಗಿ ಇಳಿಯುತ್ತದೆ. ಶುದ್ಧ ಸಮುದ್ರದಲ್ಲಿದ್ದಾಗ ಪಾತ್ರೆಗಳನ್ನು ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೆ ಮಾತ್ರ ಸಿಹಿನೀರು ಹಾಯಿಸುವವರಿಗೆ, ಒಬ್ಬರಿಗೆ ದಿನಕ್ಕೆ 10 ಲೀಟರ್ ಸಾಕಾಗುತ್ತದೆ. ಆ ಲೆಕ್ಕದಲ್ಲಿ 300 ಲೀಟರಿನ ಟ್ಯಾಂಕು ಇಬ್ಬರಿಗೆ 15 ದಿನ ಬರುತ್ತದೆ. ಟ್ಯಾಂಕಿನ ಜೊತೆಗೆ ಕ್ಯಾನುಗಳಲ್ಲೂ ಕುಡಿಯುವ ನೀರನ್ನು ಪ್ರತ್ಯೇಕವಾಗಿ ಇಟ್ಟಿರಿ. ಟ್ಯಾಂಕು ಕೆಟ್ಟರೂ ಸೋರಿದರೂ ಅದು ಉಳಿದಿರುತ್ತದೆ.

ವಿದ್ಯುತ್ತಿಗೆ ಮೊದಲು ಲೆಕ್ಕ ಬರೆಯಿರಿ, ಆಮೇಲೆ ಹೊಸ ಸಲಕರಣೆ ಕೊಳ್ಳಿರಿ. ಪ್ರತಿಯೊಂದು ಉಪಕರಣ ಎಷ್ಟು ಆಂಪಿಯರ್ ಎಳೆಯುತ್ತದೆ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಗುಣಿಸಿ ಕೂಡಿಸಿದರೆ ಸಾಮಾನ್ಯವಾಗಿ ಫ್ರಿಜ್ಜೇ ಮೊದಲ ಸ್ಥಾನದಲ್ಲಿರುತ್ತದೆ. ಸಣ್ಣ ಫ್ರಿಜ್ಜೂ ದಿನಕ್ಕೆ 30ರಿಂದ 60 ಆಂಪಿಯರ್-ಗಂಟೆ ತೆಗೆದುಕೊಳ್ಳಬಹುದು. ಕಂಬದ ತುದಿಯ ಲಂಗರು ದೀಪ 10 ವ್ಯಾಟಿನ ಹಳೆಯ ಬಲ್ಬಾಗಿದ್ದರೆ ಒಂದು ರಾತ್ರಿಗೆ ಸುಮಾರು 10 ಆಂಪಿಯರ್-ಗಂಟೆ ಹೋಗುತ್ತದೆ, 2 ವ್ಯಾಟಿನ ಎಲ್‌ಇಡಿಗೆ ಬದಲಿಸಿದರೆ 2 ಮಾತ್ರ. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧಕ್ಕೆ ಇಳಿದಿದೆ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಬೆಳಗಿನ ಆ ಸೋತ ಬ್ಯಾಟರಿಯನ್ನು ರೂಢಿ ಮಾಡಿಕೊಂಡವರು ಕೆಲವೇ ಕಾಲದಲ್ಲಿ ಹೊಸ ಬ್ಯಾಟರಿ ಕೊಳ್ಳಬೇಕಾಗುತ್ತದೆ. ಸೌರ ಫಲಕವಿದ್ದರೆ ಕಂಬದ ಅಥವಾ ಹಾಯಿಯ ಅಡ್ಡಮರದ ನೆರಳು ಅದರ ಮೇಲೆ ಬೀಳದಂತೆ ಅಡ್ಡಮರವನ್ನು ಒಂದು ಬದಿಗೆ ಎಳೆದು ಕಟ್ಟಿ. ಫಲಕದ ಸಣ್ಣ ಭಾಗಕ್ಕೆ ನೆರಳಾದರೂ ಉತ್ಪಾದನೆ ಬಹಳ ಇಳಿಯುತ್ತದೆ.

ಕೊನೆಯದಾಗಿ ಮುಗ್ಗಲು ವಾಸನೆ. ಇದರ ಬಗ್ಗೆ ನಾನು ಕಟುವಾಗಿ ಹೇಳುವುದನ್ನು ಮನ್ನಿಸಬೇಕು. ವಾಸನೆ ತುಂಬಿದ ದೋಣಿಯಲ್ಲಿ ಅನಿಲದ ವಾಸನೆ ತಿಳಿಯುವುದಿಲ್ಲ, ಡೀಸೆಲ್ ಸೋರಿದ್ದೂ ತಿಳಿಯುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನಿಂದ ಹೊರಹೋದೀತು, ದೋಣಿಯಲ್ಲಿ ಅದು ತಳಕ್ಕೆ ಇಳಿದು ಅಲ್ಲಿಯೇ ಸೇರಿಕೊಂಡು ಒಂದು ಕಿಡಿಗಾಗಿ ಕಾಯುತ್ತದೆ. ಒಲೆ ಆರಿಸಿದೊಡನೆ ಸಿಲಿಂಡರಿನ ಬಾಯಿಯನ್ನೂ ಮುಚ್ಚಿ. ತಳದಲ್ಲೊಂದು ಅನಿಲ ಸೂಚಕ, ಮಲಗುವ ಎತ್ತರದಲ್ಲೊಂದು ಕಾರ್ಬನ್ ಮಾನಾಕ್ಸೈಡ್ ಸೂಚಕ ಇರಲೇಬೇಕು. ತಳವನ್ನು ಒಣಗಿಸಿ, ಸಾಬೂನು ನೀರಿನಿಂದ ತೊಳೆದು, ವಾಸನೆಯೇ ಇಲ್ಲದ ಸ್ಥಿತಿಗೆ ತನ್ನಿ. ಆಗ ಯಾವ ಹೊಸ ವಾಸನೆ ಬಂದರೂ ಅದೊಂದು ಸುದ್ದಿಯಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀರಿನ ರುಚಿ ನೋಡಿದೆವು, ಸಿಹಿಯಾಗಿದೆ. ಸ್ನಾನದ ಕೋಣೆಯ ಹಿಂದಿನ ಕೊಳವೆಯ ಜೋಡಣೆಯೊಂದು ಒಸರುತ್ತಿರುವುದು ಕಂಡುಬಂದಿತು. ಟ್ಯಾಂಕು ಬೇಗ ಬರಿದಾಗುವುದರ ಒಂದು ಕಾರಣ ಹೀಗೆ ಸಿಕ್ಕಿತು.

ಮೊದಲು ಹೇಳದಿದ್ದ ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಲಂಗರಿನ ಮೇಲೆ ನಿಂತ ರಾತ್ರಿಗಳಲ್ಲಿ, ಗಾಳಿ ಸ್ವಲ್ಪ ಏರಿದರೂ ದೋಣಿ ಜಾರಿ ಬಂಡೆಗೆ ಹೋದೀತೆಂಬ ಭಯದಿಂದ ನಾನು ಮಲಗುವುದೇ ಇಲ್ಲ. ಇದು ರೂಢಿಯಾಗುವ ಭಯವೇ? ಇನ್ನೊಂದು, ದೋಣಿಯನ್ನು ಕಟ್ಟುವಾಗ ಮತ್ತು ಲಂಗರು ಹಾಕುವಾಗ ನಾವಿಬ್ಬರೂ ಕೂಗಾಡಿಕೊಳ್ಳುತ್ತೇವೆ. ದಡದಲ್ಲಿ ನಮ್ಮಿಬ್ಬರ ನಡುವೆ ಹಾಗೆ ಎಂದೂ ಆಗಿರಲಿಲ್ಲ.

ಉತ್ತರ 3

ಲಂಗರಿನ ಭಯ ಅರ್ಧ ರೂಢಿಯಾಗುತ್ತದೆ, ಅರ್ಧ ರೂಢಿಯಾಗಬಾರದು. ಲಂಗರು ಹಿಡಿದಿದೆಯೋ ಇಲ್ಲವೋ ಎಂದು ತಿಳಿಯದೆ ಇರುವ ಭಯ ನ್ಯಾಯವಾದದ್ದು. ಅದಕ್ಕೆ ಧೈರ್ಯ ಮದ್ದಲ್ಲ, ಪರೀಕ್ಷೆಯೇ ಮದ್ದು.

ಮೊದಲು ಲಂಗರಿಗೆ ಕಟ್ಟಿದ ಸರಪಳಿಯ ಅಥವಾ ಹಗ್ಗದ ಉದ್ದದ ಲೆಕ್ಕ. ನೀರಿನ ಆಳ 5 ಮೀಟರ್, ಉಬ್ಬರದಲ್ಲಿ ಏರುವುದು 2 ಮೀಟರ್, ನೀರಿನಿಂದ ದೋಣಿಯ ಮುಂತುದಿಯ ಎತ್ತರ 1 ಮೀಟರ್ ಎಂದಿಟ್ಟುಕೊಂಡರೆ ಒಟ್ಟು 8 ಮೀಟರ್. ಪೂರ್ತಿ ಸರಪಳಿಯಾದರೆ ಅದರ 5 ಪಟ್ಟು, ಅಂದರೆ 40 ಮೀಟರ್ ಬಿಡಬೇಕು. ಹೆಚ್ಚಿನ ಪಾಲು ಹಗ್ಗವಾದರೆ 7 ಪಟ್ಟು, 56 ಮೀಟರ್. ಹೊಸಬರು ಸಾಮಾನ್ಯವಾಗಿ ಆಳವನ್ನಷ್ಟೇ ಗುಣಿಸಿ, ಮುಂತುದಿಯ ಎತ್ತರವನ್ನೂ ಉಬ್ಬರವನ್ನೂ ಬಿಟ್ಟುಬಿಡುತ್ತಾರೆ. ಸರಪಳಿಯನ್ನು ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕಾದು, ಎಂಜಿನ್ನನ್ನು ಹಿಮ್ಮುಖವಾಗಿ ನಿಧಾನಕ್ಕೆ ಏರಿಸುತ್ತ ಹೋಗಿ. ಆಗ ಪಕ್ಕದ ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತುಗಳನ್ನು, ಒಂದು ಮರ ಮತ್ತು ಅದರ ಹಿಂದಿನ ಒಂದು ಕಟ್ಟಡ ಇಂಥದ್ದನ್ನು, ನೋಡುತ್ತಿರಿ. ಅವೆರಡೂ ಒಂದೇ ಸಾಲಿನಲ್ಲಿ ಉಳಿದರೆ ಲಂಗರು ಹಿಡಿದಿದೆ. ಬೇರ್ಪಡುತ್ತ ಹೋದರೆ ಜಾರುತ್ತಿದೆ, ಎತ್ತಿ ಮತ್ತೆ ಹಾಕಬೇಕು. ಮತ್ತೆ ಹಾಕಲು ಯಾರೂ ಸಂಕೋಚಪಡಬಾರದು.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ನೆನಪಿಡಿ: 10 ನಾಟಿನಿಂದ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್ ವೇಗ) 14 ನಾಟಿಗೆ ಏರಿದರೆ ಬಲ ಹೆಚ್ಚುಕಡಿಮೆ ಇಮ್ಮಡಿ, 20ಕ್ಕೆ ಏರಿದರೆ ನಾಲ್ಮಡಿ. ಸಂಜೆಯ ಮಂದ ಗಾಳಿಯಲ್ಲಿ ಅಲುಗಾಡದ ಲಂಗರು ರಾತ್ರಿಯ ಗಾಳಿಯಲ್ಲೂ ನಿಲ್ಲುತ್ತದೆಂದು ನಂಬಲಾಗದು. ಹಾಗಾಗಿಯೇ ಎಂಜಿನ್ನಿನಿಂದ ಎಳೆದು ನೋಡುವುದು. ಸರಪಳಿಗೆ 8ರಿಂದ 10 ಮೀಟರ್ ಉದ್ದದ ನೈಲಾನ್ ಹಗ್ಗವೊಂದನ್ನು ಕೊಕ್ಕೆಯಿಂದ ಸಿಕ್ಕಿಸಿ, ಎಳೆತವನ್ನು ಅದರ ಮೇಲೆ ಬಿಟ್ಟರೆ ಹಗ್ಗ ಹಿಗ್ಗಿ ಜಗ್ಗಾಟವನ್ನು ತಾಳಿಕೊಳ್ಳುತ್ತದೆ, ಸರಪಳಿಯ ಗರಗರ ಸದ್ದೂ ಕ್ಯಾಬಿನ್ನಿಗೆ ಕೇಳುವುದಿಲ್ಲ. ಆ ಹಗ್ಗ ದೋಣಿಯ ಅಂಚಿಗೆ ಉಜ್ಜುವ ಜಾಗವನ್ನು ದಿನವೂ ನೋಡಬೇಕು. ದೋಣಿ ಗೆರೆ ದಾಟಿದರೆ ಗಂಟೆ ಬಾರಿಸುವ ಜಿಪಿಎಸ್ ಎಚ್ಚರಿಕೆಯ ವೃತ್ತವನ್ನು ಎಳೆಯುವಾಗ ಕೇಂದ್ರವು ಲಂಗರು ಬಿದ್ದ ಜಾಗವಾಗಿರಬೇಕು, ದೋಣಿ ನಿಂತ ಜಾಗವಲ್ಲ. ಇಲ್ಲವಾದರೆ ಗಾಳಿ ತಿರುಗಿದಾಗ ದೋಣಿ ಸಹಜವಾಗಿ ಸುತ್ತಿದರೂ ಗಂಟೆ ಬಾರಿಸುತ್ತದೆ, ಕೆಲವು ರಾತ್ರಿಗಳ ನಂತರ ನೀವು ಆ ಗಂಟೆಯನ್ನು ನಂಬುವುದನ್ನೇ ಬಿಡುತ್ತೀರಿ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಅಳುಕು ಕಾಲಕ್ರಮದಲ್ಲಿ ಕರಗುತ್ತದೆ. ಗಾಳಿಯ ಮುನ್ಸೂಚನೆ ಕೆಟ್ಟದಾಗಿರುವ ರಾತ್ರಿ ಮಾತ್ರ ಇಬ್ಬರೂ ಸರದಿಯಲ್ಲಿ ಎಚ್ಚರವಿರಿ.

ಉತ್ತರ 4

ಕೂಗಾಟದ ಬಗ್ಗೆ ಎರಡು ಮಾತು. ಅದರ ಬಹುಪಾಲು ಕಾರಣ ಎಂಜಿನ್ನು ಮತ್ತು ಗಾಳಿಯ ಸದ್ದು. ಮುಂತುದಿಯಲ್ಲಿ ಲಂಗರಿನ ಬಳಿ ನಿಂತವರ ಮಾತು ಚುಕ್ಕಾಣಿಯ ಬಳಿ ಇರುವವರಿಗೆ ಕೇಳುವುದಿಲ್ಲ, ಆದ್ದರಿಂದ ಧ್ವನಿ ಏರುತ್ತದೆ. ಏರಿದ ಧ್ವನಿಯನ್ನು ಕೇಳಿದವರು ಅದನ್ನು ಸಿಟ್ಟೆಂದು ತಿಳಿಯುತ್ತಾರೆ. ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ, ನಿಲ್ಲಿಸು, ಸರಪಳಿ ಬಿಡು ಇವಿಷ್ಟಕ್ಕೆ ಕೈಸನ್ನೆಗಳನ್ನು ನಿಶ್ಚಯಿಸಿಕೊಳ್ಳಿ. ಪ್ರತಿ ಬಾರಿಯೂ ಕೆಲಸ ಆರಂಭಿಸುವ ಮುನ್ನ, ದೋಣಿ ಇನ್ನೂ ದೂರದಲ್ಲಿರುವಾಗಲೇ, ಯಾರು ಏನು ಮಾಡುವುದು ಮತ್ತು ಸರಿಹೋಗದಿದ್ದರೆ ಎತ್ತ ತಿರುಗುವುದು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಿ.

ಆಮೇಲೆ, ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳಿ. ಒಬ್ಬರು ಸದಾ ಚುಕ್ಕಾಣಿ, ಇನ್ನೊಬ್ಬರು ಸದಾ ಒಲೆ ಎಂಬ ಹಂಚಿಕೆ ದೋಣಿಯಲ್ಲಿ ಅನ್ಯಾಯವಷ್ಟೇ ಅಲ್ಲ, ಅಪಾಯವೂ ಹೌದು. ಚುಕ್ಕಾಣಿ ಹಿಡಿಯುವವರು ನೀರಿಗೆ ಬಿದ್ದರೆ ದೋಣಿಯನ್ನು ನಿಲ್ಲಿಸಿ ಹಿಂದಿರುಗಬೇಕಾದವರು ಇನ್ನೊಬ್ಬರೇ. ಎಂಜಿನ್ನು ಚಾಲೂ ಮಾಡುವುದು, ಹಾಯಿ ಇಳಿಸುವುದು, ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ಲಿನಲ್ಲಿ 'ಮೇಡೇ' ಎಂಬ ಪ್ರಾಣಾಪಾಯದ ಕರೆ ಕೊಟ್ಟು ತಾವಿರುವ ಸ್ಥಾನವನ್ನು ತಿಳಿಸುವುದು, ಇವು ಇಬ್ಬರಿಗೂ ಒಬ್ಬಂಟಿಯಾಗಿ ಬರಬೇಕು. ನಿಮ್ಮ ದೋಣಿಯಷ್ಟೇ, ಅಂದರೆ ಸುಮಾರು 11 ಮೀಟರ್ ಉದ್ದದ 'ಸ್ಪ್ರೇ' ಎಂಬ ಹಾಯಿದೋಣಿಯಲ್ಲಿ ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ಒಬ್ಬರೇ ಭೂಮಿಯನ್ನು ಸುತ್ತಿದರು. ಅವರು ದೀರ್ಘಕಾಲ ಹಡಗಿನ ಕಪ್ತಾನರಾಗಿದ್ದವರು ಎಂಬುದು ನಿಜ, ಆದರೂ ಈ ಅಳತೆಯ ದೋಣಿ ಒಬ್ಬರ ಕೈಗೆ ಎಟುಕುವಂಥದ್ದು ಎಂಬುದಕ್ಕೆ ಅದು ಸಾಕಷ್ಟು ಪುರಾವೆ.

ಒಂಟಿಯಾಗಿರುವ ಹೊತ್ತೂ ಬೇಕು. ಇಬ್ಬರು ಸದಾ ಕೈಗೆಟುಕುವ ದೂರದಲ್ಲಿರುವುದು ಪ್ರೀತಿಯಿದ್ದರೂ ದಣಿಸುತ್ತದೆ. ದಿನಕ್ಕೊಂದು ಗಂಟೆ ಒಬ್ಬರು ಸಣ್ಣ ದೋಣಿಯಲ್ಲಿ ಹೊರಗೆ ಹೋಗಿಬರಲಿ, ಅಥವಾ ಒಬ್ಬರು ಮೇಲೆ, ಒಬ್ಬರು ಒಳಗೆ ಇದ್ದು ಪರಸ್ಪರ ಮಾತನಾಡಿಸದಿರಲಿ.

ಉತ್ತರ 1ರವರಿಂದ ಮತ್ತೆ

ಕೊಳವೆಯ ಒಸರು ಸಿಕ್ಕಿದ್ದು ಸಂತೋಷ. ಮೊದಲ ಬಾರಿಗೆ ರಾತ್ರಿಯ ಪಯಣಕ್ಕೆ ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡಿ. ಬಂದರಿನಲ್ಲಿ ನಿಮ್ಮ ದೋಣಿ ಮನೆಯಾಗಿರುತ್ತದೆ: ಮೇಜಿನ ಮೇಲೆ ಪುಸ್ತಕ, ಒಲೆಯ ಪಕ್ಕ ಲೋಟ, ಮೂಲೆಯಲ್ಲಿ ಚೀಲ. ಹೊರಟ ಮೇಲೆ ಒಂದು ಬದಿಗೆ 20 ಡಿಗ್ರಿ ವಾಲಿದಾಗ ಇವೆಲ್ಲ ಕೆಳಕ್ಕೆ ಬರುತ್ತವೆ. ಆದ್ದರಿಂದ ಹೊರಡುವ ಹಿಂದಿನ ಸಂಜೆಯೇ ಪ್ರತಿ ಕಪಾಟಿನ ಚಿಲಕ ಹಾಕಿ, ಹ್ಯಾಚುಗಳನ್ನು ಬಿಗಿದು, ಮಲಗುವ ಬರ್ತಿನಿಂದ ಉರುಳದಂತೆ ತಡೆಯುವ ಬಟ್ಟೆಯನ್ನು ಕಟ್ಟಿ, ಮರುದಿನದ ಊಟವನ್ನು ಸಿದ್ಧಮಾಡಿ ಇಟ್ಟುಬಿಡಿ. ಆಗ ಪತ್ನಿಯವರು ವಾಕರಿಕೆಯ ಮೊದಲ ದಿನ ಒಳಗಿಳಿದು ಒಲೆಯ ಮುಂದೆ ನಿಲ್ಲಬೇಕಾಗುವುದಿಲ್ಲ.

ರಾತ್ರಿಯ ಸರದಿಯನ್ನು 3 ಗಂಟೆಗಳದ್ದಾಗಿ ಇಟ್ಟುಕೊಳ್ಳಿ. 1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳ 5ನೇ ನಿಯಮದಂತೆ ಎಲ್ಲ ಹೊತ್ತಿನಲ್ಲೂ ಸುತ್ತ ನೋಡುವ ಒಬ್ಬರು ಇರಲೇಬೇಕು. ಎದುರಿನಿಂದ 20 ನಾಟ್ ವೇಗದಲ್ಲಿ ಬರುವ ಹಡಗು, 5 ನಾಟ್ ವೇಗದಲ್ಲಿ ಸಾಗುತ್ತಿರುವ ನಿಮ್ಮನ್ನು 8 ನಾಟಿಕಲ್ ಮೈಲಿ ದೂರದಿಂದ ತಲುಪಲು 20 ನಿಮಿಷವೂ ಬೇಕಾಗುವುದಿಲ್ಲ. ಕಾವಲಿರುವವರು ಲೈಫ್ ಜಾಕೆಟ್ ತೊಟ್ಟು, ಸುರಕ್ಷಾ ಪಟ್ಟಿಯನ್ನು ದೋಣಿಗೆ ಸಿಕ್ಕಿಸಿಕೊಂಡಿರಬೇಕು, ಇನ್ನೊಬ್ಬರನ್ನು ಎಬ್ಬಿಸದೆ ಕಾಕ್‌ಪಿಟ್ಟನ್ನು ಬಿಟ್ಟು ಮುಂದಕ್ಕೆ ಹೋಗಬಾರದು. ಗಾಳಿ ಏರುತ್ತಿದೆ, ಹಾಯಿಯನ್ನು ಕಿರಿದು ಮಾಡಬೇಕೇ ಎಂಬ ಯೋಚನೆ ಬಂದ ಕ್ಷಣದಲ್ಲೇ ಕಿರಿದು ಮಾಡಿ. ಕತ್ತಲಾಗುವ ಮುನ್ನವೇ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಆಗ ಮಲಗಿದವರನ್ನು ಎಬ್ಬಿಸಬೇಕಾದ ಸಂದರ್ಭಗಳು ಕಡಿಮೆಯಾಗುತ್ತವೆ.